ಫೋನಿನಲ್ಲಿ ‘ಹೂಂ’ ಅನ್ನುತ್ತಿದ್ದ ಡ್ರೈವರ್

ಲಾರಿ ಡ್ರೈವರ್‌ಗಳ ಮನೆಯವರು ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಬರುವುದು ಈಚೆಗೆ ಜಾಸ್ತಿಯಾಗಿದೆ. ಬಂದವರು ನಿದ್ದೆಯ ಮಾತೇ ಎತ್ತುವುದಿಲ್ಲ. ಸಿಟ್ಟು ಜಾಸ್ತಿ, ಮಕ್ಕಳನ್ನು ಮಾತಾಡಿಸಲ್ಲ, ಮನೆಗೆ ಬಂದರೂ ಮನಸ್ಸು ಎಲ್ಲೋ ಇರುತ್ತೆ, ಇವೇ ದೂರುಗಳು. ಈ ದಂಪತಿ ಬಂದದ್ದೂ ಹಾಗೇ. ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ, ಇಬ್ಬರ ಒಪ್ಪಿಗೆಯೂ ಇದೆ.

ಗಂಡ ವಿಜಯಪುರ ಜಿಲ್ಲೆಯವರು, ನಲವತ್ತರ ಆಸುಪಾಸು. ಉಳ್ಳಾಗಡ್ಡಿ ತುಂಬಿಕೊಂಡು ಹುಬ್ಬಳ್ಳಿ ಮೇಲೆ ಮಂಗಳೂರಿಗೆ ಹೋಗುವ ಗಾಡಿ ಅವರದು. ಮಾಲೀಕರದು ಮೂರು ಲಾರಿ. ಸಂಬಳ ಕಡಿಮೆ, ಟ್ರಿಪ್ ಲೆಕ್ಕದ ಬತ್ತಾ ಮೇಲೆಯೇ ಮನೆ ನಡೆಯುವುದು. ಹೆಂಡತಿ ಹೇಳಿದ ಮೊದಲ ಮಾತು: ‘ನಿದ್ದಿಯೊಳಗ ಬ್ರೇಕ್ ಒದೀತಾರ್ರಿ ಅಕ್ಕಾರ. ಮಗ್ಗಲದಾಗ ಮಲಗಿದ ಹುಡುಗಗ ಬಿದ್ದಾವ್ರಿ ಒದಿಕಿ.’ ಗಂಡ ತಲೆ ತಗ್ಗಿಸಿ ನಕ್ಕರು.

ಮೊದಲೆರಡು ಭೇಟಿಯಲ್ಲಿ ಏನೂ ಮುಂದೆ ಸಾಗಲಿಲ್ಲ. ದಣಿವಾಗುತ್ತಾ ಅಂದರೆ ‘ರೂಢಿ ಆಗೇತ್ರಿ’ ಅನ್ನುವರು. ನಿದ್ದೆ ಬರುತ್ತಾ ಅಂದರೆ ‘ತಡೀತೀನ್ರಿ’. ತಂಬಾಕು ಬಾಯಿಗೆ ಹಾಕಿದರೆ, ಕಿಟಕಿ ಇಳಿಸಿ ಹಾಡು ಜೋರು ಮಾಡಿದರೆ ನಿದ್ದೆ ಹೋಗುತ್ತೆ ಅಂತ ಅವರಿಗೆ ಖಾತ್ರಿ. ಅದರ ಜೊತೆಗೆ ಇನ್ನೊಂದು ಉಪಾಯವೂ ಇತ್ತು, ಹೆಂಡತಿಯ ಫೋನು. ಗಾಡಿ ಹೊರಟ ರಾತ್ರಿ ಆಕೆ ಮಲಗುತ್ತಲೇ ಇರಲಿಲ್ಲ. ಎರಡು ಗಂಟೆಗೆ, ಮೂರು ಗಂಟೆಗೆ ಫೋನ್ ಹಚ್ಚಿ ಮಾತಾಡಿಸುತ್ತಾ ಇರುವುದು. ‘ನಾ ಮಾತಾಡಸ್ತೀನಂತನ ಇವ್ರು ಎಚ್ಚರ ಇರ್ತಾರ್ರಿ’ ಅಂತ ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಇತ್ತು.

ಮೂರನೇ ಭೇಟಿಯಲ್ಲಿ ನಾನು ಬೇರೇನೂ ಕೇಳದೆ, ಹಿಂದಿನ ಟ್ರಿಪ್ಪನ್ನು ಊರೂರು ಹೇಳಿ ಅಂದೆ. ಬೆಳಿಗ್ಗೆ ಆರಕ್ಕೆ ಎದ್ದದ್ದು. ಲೋಡಿಂಗ್ ಜಾಗದಲ್ಲಿ ಪಾಳಿ ಕಾದದ್ದು, ಹಮಾಲರು ಊಟಕ್ಕೆ ಹೋದದ್ದು, ಚೀಲ ಎಣಿಸಿದ್ದು, ಹಗ್ಗ ಬಿಗಿದದ್ದು, ಗಾಡಿ ಬಿಟ್ಟಾಗ ರಾತ್ರಿ ಹನ್ನೊಂದು ದಾಟಿದ್ದು. ಮುಳವಾಡ ಆಯಿತು, ಕೊಲ್ಹಾರ ಆಯಿತು. ಅಲ್ಲಿಗೆ ಮಾತು ನಿಂತಿತು.

‘ಕೊಲ್ಹಾರದಾಗ ಚಾ ಕುಡದೀನ್ರಿ, ಅದು ನೆನಪೈತಿ. ಆಮ್ಯಾಲ ಗದ್ದನಕೇರಿ ಕ್ರಾಸ್ ಲೈಟ್ ಕಂಡ್ವು. ನಡುವಿಂದು... ನೆನಪಿಲ್ರಿ.’

ಆ ರಸ್ತೆ ಗೊತ್ತಿದ್ದವರಿಗೆ ಇದರ ಅರ್ಥ ತಿಳಿಯುತ್ತೆ. ನಡುವೆ ಕೃಷ್ಣೆಯ ಹಿನ್ನೀರಿನ ಮೇಲೆ ಅಷ್ಟುದ್ದದ ಸೇತುವೆ ಇದೆ. ಅದನ್ನು ತುಂಬಿದ ಲಾರಿ ಓಡಿಸಿಕೊಂಡು ದಾಟಿದ್ದಾರೆ, ದಾಟಿದ್ದು ಗೊತ್ತಿಲ್ಲ. ನಾನು ಮಾತಾಡುವ ಮೊದಲೇ ಹೆಂಡತಿ ಅಂದರು: ‘ಅಯ್ಯ, ಆವಾಗ ನಾ ಫೋನಿನ್ಯಾಗ ಇದ್ನೆಲ್ರಿ! ಸೊಸೈಟಿ ಕಂತಿಂದು ಹೇಳ್ತಿದ್ದೆ. ನೀವು ಹೂಂ, ಹೂಂ ಅಂದ್ರಿ.’

ಅವರು ಹೆಂಡತಿ ಮುಖ ನೋಡಿದರು. ‘ಕಂತಿಂದು ನನಗೇನ್ ಹೇಳಿಲ್ಲ ನೀ.’

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ನಿದ್ದೆಗೆಟ್ಟ ಮಿದುಳು ಕೆಲವು ಸೆಕೆಂಡು ಸುಮ್ನೆ ಆಫ್ ಆಗಿ ಮತ್ತೆ ಶುರುವಾಗುತ್ತೆ, ಒಮ್ಮೊಮ್ಮೆ ಕಣ್ಣು ತೆರೆದೇ ಇರುತ್ತೆ, ಕೈ ಸ್ಟೇರಿಂಗ್ ಮೇಲೇ ಇರುತ್ತೆ, ಬಾಯಿ ಹೂಂ ಅನ್ನುತ್ತಲೂ ಇರುತ್ತೆ. ಆ ಕೆಲವು ಸೆಕೆಂಡಿನಲ್ಲಿ ಲಾರಿ ನೂರು ಮೀಟರ್ ಹೋಗಿರುತ್ತೆ. ನಿದ್ದೆ ಬರುತ್ತಿದೆಯಾ ಅಂತ ನಿದ್ದೆಗೆಟ್ಟವರನ್ನೇ ಕೇಳಿದರೆ ಉತ್ತರಕ್ಕೆ ಬೆಲೆ ಇಲ್ಲ. ಹದಿನೇಳು ಗಂಟೆ ಎಚ್ಚರ ಇದ್ದವರ ಚುರುಕು, ರಕ್ತದಲ್ಲಿ 100 ಮಿ.ಲೀ.ಗೆ 50 ಮಿ.ಗ್ರಾಂ ಮದ್ಯ ಇರುವವರಷ್ಟು ಕುಂದಿರುತ್ತೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ನಮ್ಮ ಕಾಯ್ದೆ ಡ್ರೈವರ್‌ಗೆ ಬಿಡುವುದು 30 ಮಿ.ಗ್ರಾಂ. ಇವರು ಒಂದು ಹನಿ ಮುಟ್ಟದವರು, ಆದರೂ ಗಾಡಿ ಬಿಡುವ ಹೊತ್ತಿಗೇ ಆ ಲೆಕ್ಕ ದಾಟಿದ್ದರು.

ನಿಯಮ ಗಂಟೆ ಎಣಿಸುವುದು ಇದಕ್ಕೇ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ಬರೆದಿಟ್ಟ ಲೆಕ್ಕ ಹೀಗಿತ್ತು: ದಿನಕ್ಕೆ 8 ಗಂಟೆ, ವಾರಕ್ಕೆ 48, ಐದು ಗಂಟೆಗಿಂತ ಜಾಸ್ತಿ ಒಂದೇ ಸಮನೆ ಕೆಲಸ ಇಲ್ಲ, ನಡುವೆ ಅರ್ಧ ಗಂಟೆಯಾದರೂ ಬಿಡುವು, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 9 ಗಂಟೆ. ದೂರದ ರೂಟಿಗೆ ಅನುಮತಿ ಪಡೆದು ದಿನಕ್ಕೆ 10ರವರೆಗೆ ಹೋಗಬಹುದಿತ್ತು, ಅಷ್ಟೇ. ಆ ಕಾಯ್ದೆ ಐದಕ್ಕಿಂತ ಕಡಿಮೆ ಜನ ಇದ್ದಲ್ಲಿಗೆ ಅಲ್ಲ ಅಂತ ಸಣ್ಣ ಮಾಲೀಕರು ನುಣುಚಿಕೊಳ್ಳುತ್ತಿದ್ದರು. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಮಾತ್ರ ಸಾರಿಗೆ ವಾಹನ ಓಡಿಸುವವರ ಗಂಟೆಗಳಿಗೆ ಅದೇ ಲೆಕ್ಕ ತೋರಿಸುತ್ತಿತ್ತು. ರಸ್ತೆಯಲ್ಲಿ ಯಾರು ಎಣಿಸುತ್ತಾರೆ ಅಂತ ಕೇಳಬೇಡಿ. ಓವರ್‌ಲೋಡ್ ತೂಗಲು ತಕ್ಕಡಿ ಇದೆ, ನಿದ್ದೆ ತೂಗಲು ಇಲ್ಲ. ಹಾಗಾಗಿ ಡ್ರೈವರ್ ತಾನೇ ಎಣಿಸಬೇಕು, ಪಾಳಿ ಕಾದ ಹೊತ್ತನ್ನೂ ಸೇರಿಸಿ, ಯಾಕಂದ್ರೆ ಬತ್ತಾ ಲೆಕ್ಕಕ್ಕೆ ಬರದ ಹೊತ್ತು ಮೈಗಂತೂ ಬರುತ್ತೆ.

ಅವರಿಗೆ ಹೇಳಿದ್ದು: ಲೋಡಿಂಗ್ ಮುಗಿಯುವುದು ರಾತ್ರಿ ಹತ್ತಾದರೆ ಅವತ್ತು ಹೊರಡಬೇಡಿ, ಬೆಳಿಗ್ಗೆ ಏಳಕ್ಕೆ ಬಿಡಿ. ರಾತ್ರಿ ಎರಡರಿಂದ ಐದು ಮೈ ತಾನಾಗಿ ಕುಸಿಯುವ ಹೊತ್ತು, ಆಗ ಗಾಡಿ ನಿಂತಿರಲಿ. ದಾರಿಯಲ್ಲಿ ಕಣ್ಣು ಎಳೆದರೆ ಪೆಟ್ರೋಲ್ ಬಂಕ್ ಸಿಕ್ಕ ಕೂಡಲೇ ಸೈಡಿಗೆ ಹಾಕಿ, ಚಹಾ ಕುಡಿದು ತಕ್ಷಣ ಇಪ್ಪತ್ತು ನಿಮಿಷ ಮಲಗಿ. ಚಹಾ ಕೆಲಸ ಶುರುಮಾಡಲು ಅಷ್ಟು ಹೊತ್ತು ಬೇಕು. ಎದ್ದು ಹತ್ತು ನಿಮಿಷ ಅಡ್ಡಾಡಿ ಆಮೇಲೆ ಸ್ಟಾರ್ಟ್ ಮಾಡಿ. ಇದು ಮಲಗುವ ಜಾಗ ಮುಟ್ಟುವವರೆಗಿನ ಉಪಾಯ, ಇದನ್ನೇ ನಂಬಿ ಅರಬೈಲ್ ಘಟ್ಟ ಇಳಿಯಬೇಡಿ. ಗೊರಕೆ ಜೋರು ಅಂತ ಹೆಂಡತಿ ಹೇಳಿದ್ದರಿಂದ ಕಿವಿ-ಮೂಗು-ಗಂಟಲು ಡಾಕ್ಟರಿಗೂ ಕಳಿಸಿದೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ ಎಂಟು ಗಂಟೆ ಮಲಗಿದರೂ ದಣಿವು ಹೋಗಲ್ಲ.

ಹೆಂಡತಿಗೆ ಹೇಳಿದ್ದೇ ಕಷ್ಟದ್ದು. ರಾತ್ರಿ ಫೋನ್ ಮಾಡಬೇಡಿ. ಅವರೇ ಮಾಡಿದರೆ ‘ಗಾಡಿ ಸೈಡಿಗೆ ಹಾಕ್ರಿ’ ಅಂತ ಒಂದೇ ಮಾತು ಹೇಳಿ ಇಟ್ಟುಬಿಡಿ, ಮಲಗಿ. ಅವರು ಅತ್ತರು. ‘ಏನರ ಆದ್ರ?’ ಅಂದರು. ಈ ಸಲಹೆ ಕ್ರೂರ ಅಂತ ನನ್ನ ಸಹೋದ್ಯೋಗಿಯೊಬ್ಬರಿಗೂ ಅನ್ನಿಸಿತು, ಅದೂ ಅಲ್ಲದೆ ಗಂಟೆಗಳ ವಿಷಯ ಕಾರ್ಮಿಕ ಇಲಾಖೆದು, ನಿಮ್ಮದಲ್ಲ ಅಂದರು. ನಾನು ಒಪ್ಪಲ್ಲ. ಆ ಫೋನ್ ಅವರನ್ನು ಎಚ್ಚರ ಇಡುತ್ತಿರಲಿಲ್ಲ, ಗಾಡಿ ನಿಲ್ಲಿಸದಂತೆ ಮಾಡುತ್ತಿತ್ತು. ಇನ್ನು ಉಸಿರಾಟದ ವ್ಯಾಯಾಮ, ಸಿಟ್ಟು ತಡೆಯುವ ಉಪಾಯ ಹೇಳಿಕೊಟ್ಟು ಕಳಿಸಿದ್ದರೆ ನನ್ನ ಫೈಲು ಚೆನ್ನಾಗಿ ಕಾಣುತ್ತಿತ್ತು, ಅವರು ಇನ್ನೊಂದು ರಾತ್ರಿ ಜಾಸ್ತಿ ಓಡಿಸುತ್ತಿದ್ದರು. ನಿದ್ದೆ ಇಲ್ಲದವರ ಸಿಟ್ಟಿಗೆ ಬೇಕಾದದ್ದು ನಿದ್ದೆ, ಅಲ್ವಾ?

ಮಾಲೀಕರು ಮೊದಲು ‘ಹಂಗಾದ್ರ ಬ್ಯಾರೆ ಡ್ರೈವರ್ ನೋಡ್ತೀನಿ’ ಅಂದರಂತೆ. ಆಮೇಲೆ ಮಂಗಳೂರು ಟ್ರಿಪ್ಪಿಗೆ ಎರಡನೇ ಡ್ರೈವರ್ ಕೊಟ್ಟರು, ಬತ್ತಾ ಇಬ್ಬರಿಗೂ ಹಂಚಿದರು. ಒದೆತ ಕಡಿಮೆಯಾಗಿದೆ, ಮನೆಗೆ ಬರುವ ದುಡ್ಡೂ ಕಡಿಮೆಯಾಗಿದೆ. ಕೊನೆಯ ಭೇಟಿಯಲ್ಲಿ ನಡೆದದ್ದೆಲ್ಲ ಕಂತಿನ ಮಾತೇ. ಕಂತು ಸಣ್ಣದು ಮಾಡಿ ಅವಧಿ ಹೆಚ್ಚಿಸಿ ಅಂತ ಸೊಸೈಟಿಗೆ ಅರ್ಜಿ ಬರೆಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.