ಗೋಡೆ ಬಿದ್ದದ್ದು ಯಾರ ಪಾಪಕ್ಕೆ?

ಗಂಗಾವತಿ ತಾಲ್ಲೂಕಿನಿಂದ ಸೋದರಿಯೊಬ್ಬರು ಬರೆದಿದ್ದಾರೆ: "ಈ ಸಲದ ಮಳೆಗೆ ಹಳ್ಳದ ನೀರು ನಮ್ಮ ಓಣಿಗೆ ನುಗ್ಗಿತು. ಪಕ್ಕದ ಮಣ್ಣಿನ ಮಾಳಿಗೆ ಮನೆಯ ಗೋಡೆ ಕುಸಿದು ಅಜ್ಜಿಯೊಬ್ಬರು ತೀರಿಕೊಂಡರು. ಜನರ ಗುನಾ (ಪಾಪ) ಜಾಸ್ತಿ ಆಯ್ತು, ಅದಕ್ಕೇ ಅಲ್ಲಾಹನ ಅಜಾಬ್ (ಶಿಕ್ಷೆ) ಬಂತು ಅಂತ ನಮ್ಮ ಸಂಬಂಧಿಕರೊಬ್ಬರು ಹೇಳಿದರು. ಇನ್ನೊಬ್ಬರು ಎಲ್ಲಾ ತಕ್ದೀರ್ (ವಿಧಿ) ಅಂದರು. ಹಾಗಾದರೆ ನಾವು ಮಾಡೋದು ಏನಿದೆ? ಮನೆ ಕಳೆದುಕೊಂಡವರಲ್ಲಿ ಹಿಂದೂಗಳೂ ಇದ್ದಾರೆ, ಅವರಿಗೆ ಜಕಾತ್ (ಕಡ್ಡಾಯ ದಾನ) ಹಣ ಕೊಡಬಹುದಾ?"

ತಂಗಿ, ಮೊದಲು ಆ ಅಜ್ಜಿಯ ಮಾತು. ಮುಳುಗಿ ಸತ್ತವರು, ಗೋಡೆ ಮನೆ ಕುಸಿದು ಅದರಡಿ ಸಿಕ್ಕಿ ಸತ್ತವರು ಶಹೀದರು (ಹುತಾತ್ಮರು) ಅಂತ ಪ್ರವಾದಿ ಮುಹಮ್ಮದ್ (ಸ) ಹೇಳಿದ್ದಾರೆ. ಇದು ಬುಖಾರಿ ಸಂಗ್ರಹದಲ್ಲಿರುವ ಹದೀಸ್, ಅಂದರೆ ಪ್ರವಾದಿಯವರ ಮಾತು. ಪ್ರವಾದಿಯವರೇ ಅಂಥ ಸಾವಿಗೆ ಇಷ್ಟು ದೊಡ್ಡ ಗೌರವ ಕೊಟ್ಟಿರುವಾಗ, ಸತ್ತವರ ಮನೆ ಮುಂದೆ ನಿಂತು ಗುನಾ, ಅಜಾಬ್ ಅಂತ ತೀರ್ಪು ಕೊಡೋಕೆ ನಾವ್ಯಾರು? ನನಗೆ ಇದು ತುಂಬಾ ನೋವು ಕೊಡುವ ಮಾತು.

ಪ್ರವಾದಿ ನೂಹರ ಜನ, ಹಿಂದಿನ ಕಾಲದ ಆದ್, ಸಮೂದ್ ಜನ ನಾಶವಾದ ಕಥೆ ಕುರಾನಿನಲ್ಲಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಶಿಕ್ಷೆ ಅಂತ ತಿಳಿಸಿದವನು ಅಲ್ಲಾಹನೇ. ನಮಗೆ ನಿಮಗೆ ವಹಿ (ದೇವವಾಣಿ) ಬರುವುದಿಲ್ಲ. ಪ್ರವಾದಿಯವರ ಪುಟ್ಟ ಮಗ ಇಬ್ರಾಹಿಂ ತೀರಿಕೊಂಡ ದಿನವೇ ಸೂರ್ಯಗ್ರಹಣ ಆಯ್ತು, ಮಗು ಸತ್ತಿದ್ದಕ್ಕೇ ಗ್ರಹಣ ಅಂತ ಜನ ಮಾತಾಡಿಕೊಂಡರು. ಯಾರ ಸಾವಿಗೂ ಹುಟ್ಟಿಗೂ ಸೂರ್ಯ ಚಂದ್ರರಿಗೆ ಗ್ರಹಣ ಹಿಡಿಯುವುದಿಲ್ಲ ಅಂತ ಅವರು ಅಂದೇ ತಿದ್ದಿದರು. ಮಗನನ್ನು ಕಳೆದುಕೊಂಡ ದಿನ, ಅಷ್ಟು ದುಃಖದಲ್ಲೂ.

ಇನ್ನು ತಕ್ದೀರ್. ಪ್ರವಾದಿಯವರ ನಂತರದ ಎರಡನೇ ಖಲೀಫರಾದ ಹಜರತ್ ಉಮರ್ ಸಿರಿಯಾ ಕಡೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಬಂದ ಸುದ್ದಿ ಸಿಕ್ಕಿ, ಜೊತೆಗಿದ್ದವರನ್ನು ಕೇಳಿಕೊಂಡು ಅರ್ಧ ದಾರಿಯಿಂದಲೇ ವಾಪಸು ಹೊರಟರು. "ಅಲ್ಲಾಹನ ವಿಧಿಯಿಂದ ಓಡಿ ಹೋಗ್ತೀರಾ?" ಅಂತ ಪ್ರವಾದಿಯವರ ಸಂಗಾತಿ ಅಬೂ ಉಬೈದಾ ಕೇಳಿದರು. "ಹೌದು, ಅಲ್ಲಾಹನ ವಿಧಿಯಿಂದ ಅಲ್ಲಾಹನ ವಿಧಿಯ ಕಡೆಗೇ ಹೋಗ್ತೇವೆ" ಅಂದರು ಉಮರ್. ಜೀವ ಉಳಿಸಿಕೊಳ್ಳುವ ದಾರಿ ಕೂಡ ತಕ್ದೀರಿನ ಒಳಗೇ ಇದೆ ಅಂತಾಯ್ತಲ್ವಾ? ನಮ್ಮ ಕಣ್ಣೆದುರಿನದೇ ನೋಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಟ್ಟಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಕೊಪ್ಪಳ, ಬಳ್ಳಾರಿ, ರಾಯಚೂರಿನ ರೈತರೆಲ್ಲ ಕಂಗಾಲಾದರು. ತಂತ್ರಜ್ಞರು, ಕೆಲಸಗಾರರು ಆ ರಭಸದ ನೀರಿನ ಮೇಲೆ ನಿಂತು ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಕೂರಿಸಿದರು. ದುವಾ (ಪ್ರಾರ್ಥನೆ) ಮಾಡಬೇಕು, ಕೆಲಸವನ್ನೂ ಮಾಡಬೇಕು.

ಸಂಬಂಧಿಕರು ಗುನಾ ಅಂದರಲ್ಲ, ಆ ಪದವನ್ನು ನಾನು ಪೂರ್ತಿ ಬಿಡುವುದಿಲ್ಲ. ಮನುಷ್ಯರ ಕೈಗಳು ಮಾಡಿದ್ದರಿಂದಲೇ ನೆಲದಲ್ಲೂ ಜಲದಲ್ಲೂ ಕೆಡುಕು ಕಾಣಿಸಿಕೊಂಡಿದೆ ಅನ್ನುತ್ತದೆ ಕುರಾನ್ (30:41). ಹಳ್ಳ ಒತ್ತುವರಿ ಮಾಡಿ ಸೈಟ್ ಹಾಕಿದವರು ಯಾರು? ರಾಜಕಾಲುವೆ ಮುಚ್ಚಿದ್ದು ಯಾರು? ಶುರುವಿನಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ತುಂಗಭದ್ರೆಯಲ್ಲಿ ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105. 2009ರ ಸೆಪ್ಟೆಂಬರ್ ಕೊನೆಯ ಆ ಮಳೆ, ಅಕ್ಟೋಬರ್ ಆರಂಭದ ಆ ನೆರೆ ನಮ್ಮ ಭಾಗದ ಊರೂರುಗಳನ್ನೇ ಮುಳುಗಿಸಿತು, ಆಮೇಲೂ ನಾವು ಹೊಳೆದಂಡೆಗೇ ಮನೆ ಕಟ್ಟುತ್ತಾ ಬಂದೆವು. ಇಂಥ ಗುನಾ ಮಾಡಿದವನ ಮನೆ ಆರ್‌ಸಿಸಿ ಆಗಿರುತ್ತದೆ, ಬೀಳುವುದಿಲ್ಲ. ಬೀಳುವುದು ಬಡವರ ಮಾಳಿಗೆ ಮನೆ. ಲೆಕ್ಕ ಕೇಳಬೇಕಾದ್ದು ಯಾರನ್ನು ಅಂತ ನಿಮ್ಮ ಸಂಬಂಧಿಕರಿಗೆ ಹೇಳಿ.

ಲೆಕ್ಕ ಕೊಡುವುದು ಹೇಗೆ ಅಂತಲೂ ಉಮರ್ ತೋರಿಸಿದರು. ಹಿಜರಿ 18ರಲ್ಲಿ, ಅಂದರೆ ಕ್ರಿ.ಶ. 639ರಲ್ಲಿ ಮದೀನಾ ಸುತ್ತಮುತ್ತ ಭೀಕರ ಬರ. ಬೂದಿಯ ವರ್ಷ ಅಂತಲೇ ಅದಕ್ಕೆ ಹೆಸರು. ಅವರು ಸಿರಿಯಾ ಮೊದಲಾದ ಪ್ರಾಂತಗಳ ರಾಜ್ಯಪಾಲರಿಗೆ ಪತ್ರ ಬರೆದು ಧಾನ್ಯ ತರಿಸಿದರು, ಆ ವರ್ಷದ ಜಕಾತ್ ವಸೂಲಿ ಮುಂದೂಡಿದರು, ಜನರಿಗೆಲ್ಲ ಸಿಗುವವರೆಗೆ ತಾವು ತುಪ್ಪ ಮುಟ್ಟಲಿಲ್ಲ. ಮಳೆಗಾಗಿ ನಮಾಜೂ ಮಾಡಿದರು.

ಜಕಾತ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಜಕಾತ್ ಹಣ ಮುಸ್ಲಿಂ ಬಡವರಿಗೇ ಅನ್ನುವುದು ಹೆಚ್ಚಿನ ಉಲಮಾಗಳ (ಧರ್ಮ ವಿದ್ವಾಂಸರ) ಅಭಿಪ್ರಾಯ. ಸದಕಾಗೆ, ಅಂದರೆ ಮನಸ್ಸಿನಿಂದ ಕೊಡುವ ದಾನಕ್ಕೆ, ಆ ತಡೆ ಇಲ್ಲ, ಯಾವ ಧರ್ಮದವರಿಗೂ ಕೊಡಬಹುದು, ಕೊಡಬೇಕು ಅಂತ ನಾನು ಹೇಳುತ್ತೇನೆ. ಹಾಗಾಗಿ ಜುಮ್ಮಾ ದಿನ ಡಬ್ಬಿ ಹಿಡಿಯುವಾಗ ಎರಡೂ ಬೇರೆ ಬೇರೆ ಇರಲಿ.

ಆದರೆ ದುಡ್ಡಿಗಿಂತ ಮೊದಲು ಒಂದು ಕೆಲಸ ಇದೆ. ಆ ಅಜ್ಜಿಯ ಮನೆಯವರಿಗೆ ಸರ್ಕಾರದ ಪರಿಹಾರ ಬರಬೇಕಾದರೆ ಪಂಚನಾಮೆ ಆಗಿರಬೇಕು, ಬಿದ್ದ ಗೋಡೆಯ ಫೋಟೋ ಇರಬೇಕು, ಆಧಾರ್, ಬ್ಯಾಂಕ್ ಪಾಸ್‌ಬುಕ್ ನೀರಲ್ಲಿ ಹೋಗಿದ್ದರೆ ಹೊಸದಾಗಿ ಮಾಡಿಸಬೇಕು. ನಿಮ್ಮ ಜಮಾತಿನಲ್ಲಿ ಓದು ಬಲ್ಲ ಹುಡುಗರು ಇರುತ್ತಾರಲ್ಲ, ಇಬ್ಬರನ್ನು ಕರೆದುಕೊಂಡು ಓಣಿಯ ಪ್ರತಿ ಮನೆಗೂ ಹೋಗಿ. ಯಾವ ಮನೆ ಅಂತ ನೋಡಬೇಡಿ. ತಹಸೀಲ್ದಾರ್ ಕಚೇರಿಗೆ ಕೊಟ್ಟ ಅರ್ಜಿಗೆ ಸ್ವೀಕೃತಿ ಬರೆಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.