ಅಪ್ಪನ ತೋಟದಲ್ಲಿ ಚಿಕ್ಕಮ್ಮನ ಪಾಲು

ಪುತ್ತೂರಿನಿಂದ ಪತ್ರ ಬರೆದ ಸೋದರಿಗೆ,

ನಿಮ್ಮ ನಾಲ್ಕು ಪುಟಗಳ ಪತ್ರವನ್ನು ಎರಡು ಸಲ ಓದಿದೆ. ಹೆಸರು ಬೇಡ ಎಂದಿದ್ದೀರಿ, ಹಾಕುವುದಿಲ್ಲ. ಬೇರೆ ಓದುಗರಿಗೆ ವಿಷಯ ಗೊತ್ತಾಗಲಿ ಎಂದು ಸ್ವಲ್ಪದರಲ್ಲಿ ಹೇಳುತ್ತೇನೆ.

ನಿಮ್ಮ ತವರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಮ್ಮ ತೀರಿಹೋಗಿ ಮೂರು ವರ್ಷಕ್ಕೆ, 2014ರಲ್ಲಿ, ಅಪ್ಪ ಇನ್ನೊಂದು ಮದುವೆಯಾದರು. ಕಳೆದ ವರ್ಷ ಅಪ್ಪನೂ ಹೋದರು. ವೀಲುನಾಮೆ ಬರೆದಿಲ್ಲ. ಅವರ ಹೆಸರಲ್ಲಿ 1 ಎಕ್ರೆ 60 ಸೆಂಟ್ಸ್ ಅಡಿಕೆ ತೋಟ ಮತ್ತು ಮನೆ ಇದೆ. ಅದು 1988ರಲ್ಲಿ ಅವರೇ ದುಡಿದು ಕೊಂಡದ್ದು. ಅಮ್ಮನ ಹೆಸರಲ್ಲಿ ಬೇರೆ 40 ಸೆಂಟ್ಸ್ ಇದೆ. ನೀವು, ದುಬೈಯ ಅಣ್ಣ, ಬೆಂಗಳೂರಿನ ತಮ್ಮ ಹೀಗೆ ಮೂವರು ಮಕ್ಕಳು. ಅಪ್ಪನ ಎರಡನೇ ಹೆಂಡತಿಗೆ, ಅಂದರೆ ನಿಮ್ಮ ಚಿಕ್ಕಮ್ಮನಿಗೆ, 2 ಲಕ್ಷ ರೂಪಾಯಿ ಕೊಟ್ಟು, ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಳ್ಳಲು ಅಣ್ಣ ಕಾಗದ ತಯಾರು ಮಾಡಿಸಿದ್ದಾರೆ. 'ಅವರಿಗೆ ನಿಜವಾಗಿಯೂ ಪಾಲು ಇದೆಯಾ?' ಎಂದು ಕೇಳಿದ್ದೀರಿ.

ಇದೆ. ನಿಮಗೆ ಎಷ್ಟೋ ಅವರಿಗೂ ಅಷ್ಟೇ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ವೀಲು ಬರೆಯದೆ ತೀರಿಹೋದವರ ಸ್ವಂತ ಆಸ್ತಿ ಮಕ್ಕಳಿಗೆ, ಹೆಂಡತಿಗೆ, ತಾಯಿ ಬದುಕಿದ್ದರೆ ತಾಯಿಗೆ ಸಮಪಾಲು. ಅಜ್ಜಿ ಈಗ ಇಲ್ಲ, ಹಾಗಾಗಿ ನಾಲ್ಕು ಪಾಲು. ಮೊದಲ ಹೆಂಡತಿ ತೀರಿಹೋದ ಮೇಲೆ ಆದ ಮದುವೆ ಪೂರ್ತಿ ಕ್ರಮಬದ್ಧ. ಪಂಚಾಯತ್‌ನಲ್ಲಿ ಮದುವೆ ನೋಂದಣಿ ಮಾಡಿಸಿಲ್ಲ ಎನ್ನುವುದು ತಮ್ಮನ ವಾದ. ನೋಂದಣಿ ಆಗದ ಮಾತ್ರಕ್ಕೆ ಮದುವೆ ಸುಳ್ಳಾಗುವುದಿಲ್ಲ. ಊರಿಡೀ ಬಂದು ಊಟ ಮಾಡಿದ ಮದುವೆ ಅದು, ನೀವೂ ಇದ್ದಿರಿ ಅಲ್ವಾ?

ಗಡಿ ದಾಟಿದರೆ ಕಾನೂನು ಬೇರೆಯಾ ಎಂದೂ ಕೇಳಿದ್ದೀರಿ. ಅಪ್ಪನೇ ಕೊಂಡ ಜಾಗದ ಮಟ್ಟಿಗೆ ಪುತ್ತೂರಿಗೂ ಬದಿಯಡ್ಕಕ್ಕೂ ವ್ಯತ್ಯಾಸ ಇಲ್ಲ. ಧರ್ಮ ಬೇರೆಯಾದರೆ ಲೆಕ್ಕ ಬೇರೆ. ಮಕ್ಕಳಿರುವಾಗ ಮುಸ್ಲಿಂ ಕುಟುಂಬದಲ್ಲಿ ಹೆಂಡತಿಗೆ 1/8, ಕ್ರೈಸ್ತರಲ್ಲಿ 1/3.

ಈಗ ಅಮ್ಮನ 40 ಸೆಂಟ್ಸ್ ವಿಷಯ. ಪತ್ರದಲ್ಲಿ ನಿಮ್ಮ ಸಂಕಟ ಜಾಸ್ತಿ ಇರುವುದು ಇಲ್ಲೇ. 'ಅಮ್ಮನ ಜಾಗದಲ್ಲೂ ಅವರು ಕಾಲಿಡಬೇಕಾ?' ಎಂದಿದ್ದೀರಿ. ಅಮ್ಮ ಹೋದಾಗ ಆ ಜಾಗ ಮೂವರು ಮಕ್ಕಳಿಗೆ ಮತ್ತು ಅಪ್ಪನಿಗೆ ಸಮವಾಗಿ ಬಂತು, ಅಂದರೆ ತಲಾ 10 ಸೆಂಟ್ಸ್. ಅಪ್ಪನ ಆ 10 ಸೆಂಟ್ಸ್ ಈಗ ಮತ್ತೆ ನಾಲ್ಕಾಗುತ್ತದೆ. ಚಿಕ್ಕಮ್ಮನಿಗೆ ಬರುವುದು ಎರಡೂವರೆ ಸೆಂಟ್ಸ್. ಕಾಗದದ ಮೇಲೆ ಚಿಕ್ಕ ಲೆಕ್ಕ, ನಿಮ್ಮ ಮನಸ್ಸಿಗೆ ದೊಡ್ಡದು. ಅದು ನನಗೆ ಅರ್ಥವಾಗುತ್ತದೆ. ಆದರೆ ನಾಲ್ವರೂ ಒಪ್ಪಿ ಪಾಲುಪಟ್ಟಿ ಮಾಡಿಕೊಂಡರೆ ಪ್ರತಿ ತುಂಡನ್ನೂ ನಾಲ್ಕು ಮಾಡಬೇಕಾಗಿಲ್ಲ. ಅಮ್ಮನ ಜಾಗ ಪೂರ್ತಿ ನಿಮ್ಮ ಮೂವರಿಗಿರಲಿ, ಅದರ ಬದಲು ಮನೆಯ ಬದಿಯಲ್ಲಿ ಅವರಿಗೆ ಸ್ವಲ್ಪ ಹೆಚ್ಚು ಬಿಡಿ. ಇದನ್ನು ಅವರ ಹತ್ತಿರ ಬಾಯಿಬಿಟ್ಟು ಕೇಳಿದ್ದೀರಾ? ಪತ್ರ ನೋಡಿದರೆ ಯಾರೂ ಕೇಳಿದ ಹಾಗೆ ಕಾಣುವುದಿಲ್ಲ.

ಅಣ್ಣನ ಕಾಗದದ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ಅದಕ್ಕೆ ಕೈ ಹಾಕಬೇಡಿ. ಚಿಕ್ಕಮ್ಮ ಓದಿದ್ದು ಐದನೇ ಕ್ಲಾಸು, ಅದೂ ಕನ್ನಡ. ಕಾಗದ ಇರುವುದು ಮಲಯಾಳದಲ್ಲಿ. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿ ಏನೇನು ಕಳೆದುಕೊಳ್ಳಬಹುದು ಎಂದು ಕಾಸರಗೋಡಿನ ಕನ್ನಡಿಗರಿಗೆ ಹೊಸದಾಗಿ ಹೇಳಬೇಕೇ? ಆ ನೋವನ್ನು ನಾವೇ ನಮ್ಮ ಮನೆಯ ಹೆಂಗಸಿಗೆ ಕೊಡಬಾರದು. ಇನ್ನೂ ಒಂದು ವಿಷಯ ಇದೆ. ಹಾಗೆ ಹಕ್ಕು ಬಿಡುವ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗದಿದ್ದರೆ ನಿಲ್ಲುವುದಿಲ್ಲ. ಮೋಸದಿಂದ ಬರೆಸಿಕೊಂಡದ್ದು ಎಂದಾದರೆ ನೋಂದಣಿ ಆಗಿದ್ದರೂ ಕೋರ್ಟಿನಲ್ಲಿ ಬಿದ್ದುಹೋಗುತ್ತದೆ.

ವಾರಸುದಾರರ ಸರ್ಟಿಫಿಕೇಟಿನಲ್ಲಿ ಅವರ ಹೆಸರು ಬಿಡುವ ಯೋಚನೆಯೂ ಬೇಡ. ತಹಶೀಲ್ದಾರರು ಅದನ್ನು ಕೊಡುವ ಮೊದಲು ವಿಲೇಜ್ ಆಫೀಸಿನಿಂದ ವಿಚಾರಣೆ ನಡೆಯುತ್ತದೆ, ಗಜೆಟ್‌ನಲ್ಲಿ ಪ್ರಕಟವಾಗುತ್ತದೆ, ತಕರಾರಿಗೆ ಅವಕಾಶ ಇರುತ್ತದೆ. ತೀರ್ವೆ ಯಾರ ಹೆಸರಲ್ಲಿ ಕಟ್ಟಿದರೂ ಅಷ್ಟರಿಂದಲೇ ಜಾಗ ಅವರದಾಗುವುದಿಲ್ಲ.

ನಿಮ್ಮ ಇನ್ನೊಂದು ಹೆದರಿಕೆ, ಅವರ ಪಾಲು ನಾಳೆ ಅವರ ತಮ್ಮನ ಮಕ್ಕಳಿಗೆ ಹೋಗುತ್ತದೆ ಎನ್ನುವುದು. ಅವರಿಗೆ ಸ್ವಂತ ಮಕ್ಕಳಿಲ್ಲ. ಗಂಡನಿಂದ ಬಂದ ಆಸ್ತಿಯನ್ನು ಅವರು ಮಾರದೆ, ಯಾರಿಗೂ ಬರೆಯದೆ ತೀರಿಹೋದರೆ, ಅದು ಗಂಡನ ವಾರಸುದಾರರಿಗೆ, ಅಂದರೆ ನಿಮಗೇ ಬರುತ್ತದೆ. ಆದರೆ ಅಲ್ಲಿಯವರೆಗೆ ಅವರೇ ಪೂರ್ತಿ ಒಡತಿ. ಮಾರಬಹುದು, ಬೇಕಾದವರಿಗೆ ಬರೆಯಬಹುದು. ಯಾರಿಗೆ ಬರೆಯುತ್ತಾರೆ ಎನ್ನುವುದು ಈಗ ನೀವು ಅವರನ್ನು ಹೇಗೆ ನೋಡಿಕೊಳ್ಳುತ್ತೀರಿ ಎನ್ನುವುದರ ಮೇಲೂ ನಿಂತಿದೆ. 2007ರ ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯಲ್ಲಿ 'ಹೆತ್ತವರು' ಎಂದರೆ ಮಲತಾಯಿಯೂ ಸೇರುತ್ತಾರೆ. ಅವರಿಗೆ ಜೀವನಕ್ಕೆ ದಾರಿ ಇಲ್ಲದಂತೆ ಮಾಡಿದರೆ ಆರ್‌ಡಿಒ (ಕಂದಾಯ ವಿಭಾಗದ ಅಧಿಕಾರಿ) ಮುಂದೆ ನಿಮ್ಮ ಮೇಲೆಯೇ ಅರ್ಜಿ ಹಾಕಬಹುದು. ವಕೀಲರಿಗೆ ಹಣವಿಲ್ಲದಿದ್ದರೂ ತೊಂದರೆಯಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ.

ಕಾನೂನು ಇಷ್ಟು. ಈಗ ನನ್ನ ಮನಸ್ಸಿನ ಮಾತು. ನಾಲ್ಕು ಪುಟದಲ್ಲಿ ಒಂದು ಸಲವೂ ನೀವು ಅವರನ್ನು ಚಿಕ್ಕಮ್ಮ ಎಂದಿಲ್ಲ. ಬರೇ 'ಅವರು'. ಅಪ್ಪನಿಗೆ ಪಕ್ಷವಾತವಾಗಿ ಎರಡು ವರ್ಷ ಮಲಗಿದಲ್ಲೇ ಇದ್ದಾಗ ನೋಡಿಕೊಂಡದ್ದು ಅವರೇ ಎಂದು ಅರ್ಧ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಆ ಎರಡು ವರ್ಷ ರಾತ್ರಿ ಎದ್ದು ಮಗ್ಗುಲು ಬದಲಿಸಿದ್ದು, ಬಟ್ಟೆ ಒಗೆದದ್ದು, ಗಂಜಿ ಕುಡಿಸಿದ್ದು ಯಾರು? ಆಸ್ತಿಗಾಗಿ ಬಂದವರು ಎಂದು ಅಣ್ಣ ಹೇಳುತ್ತಾರಂತೆ. ಆಸ್ತಿಯ ಆಸೆ ಇದ್ದಿದ್ದರೆ ಅಪ್ಪನ ಕೈ ಗಟ್ಟಿ ಇದ್ದಾಗಲೇ ಒಂದು ಕಾಗದ ಬರೆಸಿಕೊಳ್ಳುತ್ತಿದ್ದರು. ಬರೆಸಿಕೊಳ್ಳಲಿಲ್ಲ.

ಇದರಲ್ಲಿ ತಪ್ಪಿದ್ದರೆ ಅದು ಅಪ್ಪನದ್ದು ಎಂದೇ ನನಗೆ ಅನಿಸುತ್ತದೆ. ತೀರಿಹೋದವರ ಬಗ್ಗೆ ಹೀಗೆ ಬರೆಯಲು ಬೇಸರವಾಗುತ್ತದೆ. ಆದರೆ ಯಾರಿಗೆ ಏನು ಎಂದು ಹೇಳದೆ ಹೋದದ್ದು ಅವರು, ಅದರ ಸಿಟ್ಟನ್ನು ನೀವೆಲ್ಲ ಚಿಕ್ಕಮ್ಮನ ಮೇಲೆ ಹಾಕುತ್ತಿದ್ದೀರಿ. ಎರಡನೇ ಮದುವೆಯಾದ ತಂದೆಯಂದಿರು ಇದನ್ನು ಓದುತ್ತಿದ್ದರೆ ದಯವಿಟ್ಟು ಈ ವಾರವೇ ಕುಳಿತು ಬರೆಯಿರಿ. ವೀಲಿಗೆ ಸ್ಟ್ಯಾಂಪ್ ಪೇಪರ್ ಬೇಡ, ನೋಂದಣಿಯೂ ಕಡ್ಡಾಯ ಅಲ್ಲ. ನೀವು ಸಹಿ ಹಾಕುವುದನ್ನು ಕಂಡ ಇಬ್ಬರು ಸಾಕ್ಷಿಗಳು ಸಹಿ ಮಾಡಿದರೆ ಸಾಕು. ಆ ಇಬ್ಬರು ಪಾಲು ಪಡೆಯುವವರಲ್ಲದಿದ್ದರೆ ಒಳ್ಳೆಯದು. ಮನಸ್ಸು ಬದಲಾದರೆ ಬೇರೆ ಬರೆಯಬಹುದು. ನಿಮಗೆ ಓದಲು ಬರುವ ಭಾಷೆಯಲ್ಲೇ ಬರೆಯಿರಿ.

ಮುಂದಿನ ತಿಂಗಳು ಅಪ್ಪನ ವರ್ಷಾಂತ, ಚಿಕ್ಕಮ್ಮನ ಮುಖ ನೋಡುವುದು ಬೇಡ ಎಂದು ಮನೆ ಬಿಟ್ಟು ಬೇರೆಲ್ಲೋ ಮಾಡಿಸುವ ಮಾತಿದೆ ಎಂದು ಬರೆದಿದ್ದೀರಿ. ಮನೆಯಲ್ಲೇ ಮಾಡಿ. ನೀವು ಎರಡು ದಿನ ಮೊದಲೇ ಹೋಗಿ, ಅಡುಗೆಗೆ ಏನೇನು ತರಬೇಕು ಎಂದು ಚಿಕ್ಕಮ್ಮನನ್ನೇ ಕೇಳಿ. ಅಪ್ಪ ಕೊನೆಕೊನೆಗೆ ಏನು ಇಷ್ಟಪಟ್ಟು ತಿನ್ನುತ್ತಿದ್ದರು ಎಂದು ಅವರಿಗೆ ಗೊತ್ತಿರುತ್ತದೆ. ಪಾಲಿನ ಮಾತು ಅದೆಲ್ಲ ಮುಗಿದ ಮೇಲೆ, ನಾಲ್ವರೂ ಕುಳಿತು, ಕನ್ನಡದಲ್ಲಿ ಆಡಿ.