ಏಣಿ ಬೇಕು, ಹಾವೂ ಬೇಕು

ಓದುಗರ ಪತ್ರ

"ಸಂಪಾದಕರೇ, ನಮ್ಮ ಫುಟ್‌ಬಾಲ್‌ನ ಕೆಳಗಿನ ಡಿವಿಷನ್‌ಗಳನ್ನು ಹೊಸದಾಗಿ ಕಟ್ಟಬೇಕು, ಗಲ್ಲಿಯ ಕ್ಲಬ್ಬಿನಿಂದ ರಾಷ್ಟ್ರೀಯ ಲೀಗ್‌ವರೆಗೆ ಗೆದ್ದವರು ಏರುವ, ಸೋತವರು ಇಳಿಯುವ ಒಂದೇ ಪಿರಮಿಡ್ ಇರಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಬೆಂಗಳೂರು ಲೀಗ್‌ನ ಕೆಳಗಿನ ಹಂತವಾದ ಸಿ ಡಿವಿಷನ್‌ನ ಕ್ಲಬ್ ಒಂದರ ಕಾರ್ಯದರ್ಶಿ. ಹುಡುಗರಿಗೆ ಬೂಟು ಕೊಡಿಸುವುದೇ ನಮಗೆ ಕಷ್ಟ. ಮೇಲೆ ಹೋದಷ್ಟೂ ಖರ್ಚು ಜಾಸ್ತಿ. ಇದೆಲ್ಲ ಬಿಟ್ಟು ನಮ್ಮ ಏರಿಯಾದ ಎಂಟು ತಂಡ ಸೇರಿ ನಮ್ಮದೇ ಲೀಗ್ ಮಾಡಿಕೊಳ್ಳೋಣ ಅಂತಿದ್ದೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ವಾ?"
– ಓದುಗರೊಬ್ಬರು, ಆಸ್ಟಿನ್ ಟೌನ್, ಬೆಂಗಳೂರು

ಸಂಪಾದಕರ ಉತ್ತರ

ಕಾರ್ಯದರ್ಶಿಗಳೇ, ನಿಮ್ಮ ಪತ್ರ ಮೂರು ವಾರದಿಂದ ನನ್ನ ಮೇಜಿನ ಮೇಲೇ ಇದೆ. ನಮಗೆ ಫುಟ್‌ಬಾಲ್ ಬಗ್ಗೆ ಪತ್ರ ಬರುವುದೇ ಅಪರೂಪ. ಅದರಲ್ಲೂ ಸಿ ಡಿವಿಷನ್‌ನಿಂದ! ಜಗಳ ಶುರು ಮಾಡುವ ಮುಂಚೆ ಒಂದು ನಮಸ್ಕಾರ ತಗೊಳ್ಳಿ.

ಖರ್ಚಿನ ಮಾತು ನಿಜ. ಇಂಗ್ಲೆಂಡಿನಲ್ಲಿ ಸ್ಕಾರ್ಬರೊ ಅಂತ ಕಡಲತಡಿಯ ಊರಿದೆ. ಯಾರ ವೋಟನ್ನೂ ಕೇಳದೆ, ಬರೀ ಆಡಿ ಗೆದ್ದು ಅಲ್ಲಿನ ಮೇಲಿನ ನಾಲ್ಕು ಹಂತಗಳ 'ಫುಟ್‌ಬಾಲ್ ಲೀಗ್‌'ಗೆ ಏರಿದ ಮೊದಲ ಕ್ಲಬ್ ಆ ಊರಿನದು. ಅದು 1987ರಲ್ಲಿ. 2007ರಲ್ಲಿ ಅದೇ ಕ್ಲಬ್ ಸಾಲದಲ್ಲಿ ಮುಳುಗಿ ಬಾಗಿಲು ಹಾಕಿತು. ಏಣಿ ಹತ್ತಿದವರೆಲ್ಲ ಉದ್ಧಾರ ಆಗುತ್ತಾರೆ ಅಂತ ನಾನು ಎಂದಾದರೂ ಹೇಳಿದರೆ ಬಂದು ಕಿವಿ ಹಿಂಡಿ. ಸರಿ, ನಿಮ್ಮ ಪಾಲಿನದು ಕೊಟ್ಟಾಯಿತು. ಇನ್ನು ನನ್ನ ಸರದಿ.

ಚಿಕ್ಕಂದಿನಲ್ಲಿ ಹಾವು ಏಣಿ ಆಡಿರುತ್ತೀರಿ. ಆ ಆಟದ ಮಜಾ ಇದ್ದದ್ದು ಏಣಿಯಲ್ಲಲ್ಲ. 98ರ ಮನೆಯಲ್ಲಿ ಬಾಯಿ ಕಳೆದು ಕೂತಿರುತ್ತಿತ್ತಲ್ಲ, ಆ ಹಾವಿನಲ್ಲಿ. ನಮ್ಮ ದೇಶದ ದೊಡ್ಡ ಲೀಗ್ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) 2014ರಲ್ಲಿ ಶುರುವಾದಾಗ ಅದರಲ್ಲಿ ಏಣಿಯೂ ಇರಲಿಲ್ಲ, ಹಾವೂ ಇರಲಿಲ್ಲ. ದುಡ್ಡು ಕಟ್ಟಿ ಒಳಗೆ ಬಂದರೆ ಮುಗಿಯಿತು. ಏಷ್ಯಾದ ಫುಟ್‌ಬಾಲ್ ಒಕ್ಕೂಟ ಬುದ್ಧಿ ಹೇಳಿದ ಮೇಲೆ 2019ರಲ್ಲಿ ಒಂದು ಯೋಜನೆ ಆಯಿತು. ಮೊದಲು ಐ-ಲೀಗ್ (ಐಎಸ್‌ಎಲ್ ಬಂದ ಮೇಲೆ ಎರಡನೇ ಮೆಟ್ಟಿಲಿಗೆ ಸರಿದ ಹಳೆಯ ರಾಷ್ಟ್ರೀಯ ಲೀಗ್) ಗೆದ್ದವರು ಮೇಲೆ ಬರಲಿ, 2024-25ರ ಹೊತ್ತಿಗೆ ಸೋತವರು ಕೆಳಗೂ ಇಳಿಯಲಿ ಅಂತ. ಅರ್ಧ ಆಯಿತು. 2023ರಲ್ಲಿ ಪಂಜಾಬ್ ಬಂತು, 2024ರಲ್ಲಿ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಬಂತು. ಇಳಿದವರು ಯಾರು? 2025ರವರೆಗೆ ಒಬ್ಬರೂ ಇಲ್ಲ. 2023-24ರಲ್ಲಿ ಹೈದರಾಬಾದ್ ತಂಡ 22 ಪಂದ್ಯ ಆಡಿ ಗೆದ್ದದ್ದು ಒಂದೇ ಒಂದು. ಅಂಕ 8. ಮುಂದಿನ ವರ್ಷವೂ ಅದೇ ಮೇಲಿನ ಮನೆಯಲ್ಲಿ ಕೂತಿತ್ತು. ಆ 2024-25ರಲ್ಲಿ ಮೊಹಮ್ಮಡನ್ ಕೊನೆಯ ಸ್ಥಾನಕ್ಕೆ ಬಂತು. ಅದೂ ಅಲ್ಲೇ ಉಳಿಯಿತು. ಇಂಥ ಆಟದಲ್ಲಿ ಫೆಬ್ರವರಿ ದಾಟಿದ ಮೇಲೆ ಕೆಳಗಿನ ತಂಡಗಳ ಪಂದ್ಯ ಯಾರು ನೋಡುತ್ತಾರೆ ಹೇಳಿ?

2025ರಲ್ಲಿ ಇನ್ನೊಂದು ತಮಾಷೆ ನಡೆಯಿತು. ಐ-ಲೀಗ್ ಗೆದ್ದದ್ದು ಗೋವಾದ ಚರ್ಚಿಲ್ ಬ್ರದರ್ಸ್ ಅಂತ ಮೊದಲು ಹೇಳಿದರು. ವಾರಾಣಸಿಯ ಇಂಟರ್ ಕಾಶಿ ಒಪ್ಪಲಿಲ್ಲ. ಕೊನೆಗೆ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿ ಜುಲೈನಲ್ಲಿ ಇಂಟರ್ ಕಾಶಿಯೇ ಚಾಂಪಿಯನ್ ಅಂದಿತು. ಏಣಿ ಒಂದು ಇದ್ದೂ ಅದನ್ನು ಹತ್ತಬೇಕಾದವರು ಯಾರು ಅಂತ ತಿಳಿಯಲು ಅಷ್ಟು ದೂರ ಹೋಗಬೇಕಾಯಿತು.

ನಾವೇ ದಡ್ಡರು ಅಂತ ಅಂದುಕೊಳ್ಳಬೇಡಿ. ಇಂಗ್ಲಿಷರೂ 1987ರ ತನಕ ಹೀಗೇ ಇದ್ದರು. ಫುಟ್‌ಬಾಲ್ ಲೀಗ್‌ನ ಕೆಳಗಿನ ಡಿವಿಷನ್‌ನಲ್ಲಿ ಕೊನೆಯ ಸ್ಥಾನಗಳಿಗೆ ಬಂದವರು ಉಳಿಯಬೇಕೋ ಬೇಡವೋ ಅಂತ ವೋಟು ಹಾಕುತ್ತಿದ್ದರು. ವೋಟು ಹಾಕುವವರು ಯಾರು? ಅದೇ ಲೀಗ್‌ನ ಬೇರೆ ಕ್ಲಬ್‌ಗಳು. ಇವತ್ತು ನಿನಗೆ, ನಾಳೆ ನನಗೆ. ನಮ್ಮ ಸಹಕಾರ ಸಂಘಗಳ ಚುನಾವಣೆ ಕಂಡವರಿಗೆ ವಿವರಿಸಬೇಕಾಗಿಲ್ಲ. ಹಾರ್ಟ್‌ಪೂಲ್ ಅನ್ನುವ ಕ್ಲಬ್ 14 ಸಲ ಹೀಗೆ ಕೈಮುಗಿದು ನಿಂತು, 14 ಸಲವೂ ಉಳಿದುಕೊಂಡಿತು. ಸ್ಕಾರ್ಬರೊ ಏರಿದ ವರ್ಷ ಕೆಳಗೆ ಬಿದ್ದದ್ದು ಲಿಂಕನ್ ಸಿಟಿ. ಅವರ ಗೋಳು ಹೇಗಿತ್ತೋ ಏನೋ. ಆದರೆ ಮರುವರ್ಷವೇ ಗೆದ್ದು ವಾಪಸ್ ಬಂದರು. 2011ರಲ್ಲಿ ಮತ್ತೆ ಬಿದ್ದರು. 2017ರಲ್ಲಿ, ಇನ್ನೂ ಐದನೇ ಹಂತದಲ್ಲೇ ಇದ್ದಾಗ, ಎಲ್ಲ ಹಂತದವರೂ ಆಡುವ ಎಫ್‌ಎ ಕಪ್‌ನಲ್ಲಿ ಮೊದಲ ಹಂತವಾದ ಪ್ರೀಮಿಯರ್ ಲೀಗ್‌ನ ಬರ್ನ್‌ಲಿಯನ್ನು ಅವರ ಮೈದಾನದಲ್ಲೇ ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿದರು. ಬೀಳುವುದು ಸಾಯುವುದಲ್ಲ ಕಣ್ರೀ.

ನಿಮ್ಮ ಎಂಟು ತಂಡಗಳ ಯೋಚನೆಗೆ ಸರಿಯಾದ ಜೋಡಿ ಸ್ಕಾಟ್ಲೆಂಡಿನಲ್ಲಿದೆ. ಅಲ್ಲಿ 'ಜೂನಿಯರ್' ಫುಟ್‌ಬಾಲ್ ಅಂತ ಒಂದಿತ್ತು. ಹೆಸರು ನೋಡಿ ಮಕ್ಕಳ ಆಟ ಅಂದುಕೊಂಡೀರಿ. ಕಲ್ಲಿದ್ದಲ ಗಣಿ ಊರುಗಳ ಗಟ್ಟಿ ಆಳುಗಳ ಆಟ ಅದು. 1886ರಿಂದ ಅವರದ್ದೇ ಸಂಸ್ಥೆ, ಅವರದ್ದೇ ಕಪ್. ದೊಡ್ಡ ಲೀಗ್‌ಗೂ ಅವರಿಗೂ ಸಂಬಂಧವೇ ಇರಲಿಲ್ಲ. ಪಿರಮಿಡ್ ಮಾತು ಬಂದಾಗ ಅವರೂ ನಿಮ್ಮ ಥರವೇ ಅಂದರು: ಪಕ್ಕದೂರಿನ ಜೊತೆ ಆಡುವ ಪಂದ್ಯಕ್ಕೆ ಜನ ಸೇರುತ್ತಾರೆ, ಎಲ್ಲೋ ದೂರದವರ ಜೊತೆ ಯಾಕೆ ಆಡಬೇಕು? ಆದರೂ 2018ರಲ್ಲಿ ಪೂರ್ವ ಭಾಗದ ಬಹಳಷ್ಟು ಕ್ಲಬ್‌ಗಳು ಹೋಗಿ ಪಿರಮಿಡ್ ಸೇರಿದವು. 2020ರಲ್ಲಿ ಪಶ್ಚಿಮದವರೂ ಸೇರಿದರು. ಅವರಲ್ಲಿ ಆಕಿನ್‌ಲೆಕ್ ಟಾಲ್ಬಟ್ ಒಂದು. ಸಣ್ಣ ಊರಿನ ಕ್ಲಬ್. ಸೇರುವುದಕ್ಕೆ ಒಂದು ವರ್ಷ ಮುಂಚೆ, 2019ರ ಜನವರಿಯಲ್ಲಿ, ಸ್ಕಾಟಿಷ್ ಕಪ್‌ನಲ್ಲಿ ಏರ್ ಯುನೈಟೆಡ್ ಅನ್ನುವ ವೃತ್ತಿಪರ ತಂಡವನ್ನು 1-0ಯಿಂದ ಮನೆಗೆ ಕಳಿಸಿತ್ತು. ಇಂಥ ತಂಡಕ್ಕೆ ಮೇಲೆ ದಾರಿಯೇ ಇಲ್ಲದಿದ್ದರೆ ಅದು ಯಾವ ನ್ಯಾಯ? ಪಕ್ಕದೂರಿನ ಪಂದ್ಯಗಳೇನೂ ನಿಂತುಹೋಗಲಿಲ್ಲ. ಕೆಳಗಿನ ಮೆಟ್ಟಿಲು ಎಲ್ಲ ಕಡೆಯೂ ಊರ ಸುತ್ತಮುತ್ತಲೇ ಇರುತ್ತದೆ. ಪಿರಮಿಡ್ ಅಂದ ತಕ್ಷಣ ನಿಮಗೆ ಮಿಜೋರಾಂನ ಐಜ್ವಾಲ್‌ಗೆ ಹೋಗುವ ವಿಮಾನದ ಟಿಕೆಟ್ ಕಾಣಿಸುತ್ತಿದೆ. ಸಿ ಡಿವಿಷನ್‌ಗೆ ಬಿಎಂಟಿಸಿ ಪಾಸ್ ಸಾಕು.

ಐಜ್ವಾಲ್ ಅಂದೆನಲ್ಲ. ಆ ಊರಿನ ತಂಡ 2015-16ರಲ್ಲಿ ಐ-ಲೀಗ್‌ನಿಂದ ಕೆಳಗೆ ಬಿದ್ದಿತ್ತು. ಗೋವಾದ ಕ್ಲಬ್‌ಗಳು ಸಿಟ್ಟು ಮಾಡಿಕೊಂಡು ಹೊರನಡೆದಿದ್ದರಿಂದ ಮತ್ತೆ ಸೇರಿಸಿಕೊಂಡರು. ಮರುವರ್ಷ ಅವರೇ ಚಾಂಪಿಯನ್! ಹಾಗೆ ಹೊರನಡೆದ ಗೋವಾದವರಲ್ಲಿ ಡೆಂಪೊ ಕೂಡ ಇತ್ತು. ಐದು ಸಲ ದೇಶದ ಚಾಂಪಿಯನ್ ಆದ ಕ್ಲಬ್. ವರ್ಷಗಟ್ಟಲೆ ದೂರ ಇದ್ದು, ಆಮೇಲೆ ಕೆಳಗಿನ ಮೆಟ್ಟಿಲಿಂದ ಆಡಿಕೊಂಡೇ 2024ರಲ್ಲಿ ಐ-ಲೀಗ್‌ಗೆ ಮರಳಿತು. ಐದು ಕಿರೀಟದವರಿಗೆ ಇಲ್ಲದ ನಾಚಿಕೆ ನಮಗೆ ಯಾಕೆ?

ಆ ವರ್ಷ ಡೆಂಪೊ ಜೊತೆ ಏರಿದವರು ಯಾರು ಗೊತ್ತಲ್ಲ? ನಮ್ಮ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು. ಐ-ಲೀಗ್ 3ರಿಂದ 2ಕ್ಕೆ, 2ರಿಂದ ಐ-ಲೀಗ್‌ಗೆ. 2025ರಲ್ಲಿ ಇಳಿದರು. ಬೇಜಾರಾಯಿತು. ಆದರೆ ಆಡಿ ಏರಿದರು, ಆಡಿ ಇಳಿದರು. ಯಾರ ಕಚೇರಿಯಲ್ಲೂ ಕಾಯಲಿಲ್ಲ. ನಮ್ಮ ಎಚ್‌ಎಎಲ್ ತಂಡ 2012ರಲ್ಲಿ ಐ-ಲೀಗ್‌ನಿಂದ ಇಳಿದಾಗಲೂ ಹಾಗೇ.

ಇಲ್ಲಿ ನೀವು ನನ್ನನ್ನು ಹಿಡಿಯಬಹುದು. ಬೆಂಗಳೂರು ಎಫ್‌ಸಿ ಏಣಿ ಹತ್ತಿ ಬಂತಾ? ಇಲ್ಲ. 2013ರಲ್ಲಿ ನೇರವಾಗಿ ಐ-ಲೀಗ್‌ಗೆ ಬಂದು, ಬಂದ ವರ್ಷವೇ ಗೆದ್ದಿತು. ಅಶೋಕನಗರದ ಸ್ಟೇಡಿಯಂನಲ್ಲಿ ಆ ವರ್ಷ ನಾನೂ ಗಂಟಲು ಹರಿದುಕೊಂಡಿದ್ದೇನೆ. ಮುಂದಿನ ಪ್ರಶ್ನೆ.

ನಿಮ್ಮ ಏರಿಯಾದಿಂದ ಗೌತಮಪುರ ಎಷ್ಟು ದೂರ? ಅಲ್ಲಿ ಪೆಲೆಯ ಪ್ರತಿಮೆ ಇದೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ, ಅದುವರೆಗೆ ಬ್ರಿಟಿಷ್ ಪಲ್ಟನ್‌ಗಳೇ ಇಟ್ಟುಕೊಂಡಿದ್ದ ರೋವರ್ಸ್ ಕಪ್ ಗೆದ್ದುಕೊಂಡು ಬಂತು. ಮೈಸೂರು (ಆಗ ನಮ್ಮ ರಾಜ್ಯದ ಹೆಸರು) ತಂಡ 1946-47ರಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು, ಆಮೇಲೂ ಗೆದ್ದಿತು. 1968-69ರ ನಂತರ ಮತ್ತೆ ಗೆಲ್ಲಲು 54 ವರ್ಷ ಬೇಕಾಯಿತು. 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3-2. ನಮ್ಮಲ್ಲಿ ಎಷ್ಟು ಜನರಿಗೆ ಅದು ಗೊತ್ತಾಯಿತು?

ಇದಕ್ಕೆ ನನ್ನ ಕಸುಬೂ ಕಾರಣ. ನಾನು ಹೊಸದಾಗಿ ಒಂದು ಪತ್ರಿಕೆಗೆ ಸೇರಿದಾಗ ವಾರಕ್ಕೊಮ್ಮೆ ಡಿವಿಷನ್ ಪಂದ್ಯಗಳ ಫಲಿತಾಂಶ ಬರೆದುಕೊಡುತ್ತಿದ್ದೆ. ನಾಲ್ಕು ಸಾಲು. ಒಂದು ದಿನ ಹಿರಿಯರು ಕರೆದು, "ಇದನ್ನು ಯಾರಪ್ಪ ಓದ್ತಾರೆ?" ಅಂದರು. ಮರುವಾರ ಆ ಜಾಗದಲ್ಲಿ ಬನಿಯನ್ ಜಾಹೀರಾತು ಬಂತು. ನಿಮ್ಮ ತಂಡ ಗೆದ್ದದ್ದು ನಿಮ್ಮ ಬೀದಿಗೇ ತಿಳಿಯದಿದ್ದರೆ ಬೂಟಿಗೆ ದುಡ್ಡು ಕೊಡುವ ಸ್ಪಾನ್ಸರ್ ಎಲ್ಲಿಂದ ಬರುತ್ತಾನೆ? ಈಗ ಮೈದಾನವೂ ಇಲ್ಲ. ನಾನು ಚಿಕ್ಕವನಿದ್ದಾಗ ಆಡಿದ ಬಯಲಿಗೆ ಬಲೆ ಹಾಕಿ, ಹಸಿರು ಪ್ಲಾಸ್ಟಿಕ್ ಹಾಸಿ, ಗಂಟೆಗಿಷ್ಟು ಅಂತ ಬಾಡಿಗೆ ಬೋರ್ಡು ನೇತುಹಾಕಿದ್ದಾರೆ. ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ಆನ್‌ಲೈನ್ ಬುಕಿಂಗ್ ಇದೆಯಾ ಅಂತ ಕೇಳಿದರು.

ನಿಮ್ಮ ಬೇರೆ ಲೀಗ್ ಮೊದಲ ವರ್ಷ ಜೋರಾಗಿರುತ್ತದೆ. ಮೂರನೇ ವರ್ಷಕ್ಕೆ ಕಪ್ ಯಾರದು ಅಂತ ಟೀ ಅಂಗಡಿಯವನೂ ಹೇಳುತ್ತಾನೆ. ಎಂಟು ತಂಡ ಐದಾಗುತ್ತದೆ. ಆಮೇಲೆ ಗಣೇಶನ ಹಬ್ಬದ ಟೂರ್ನಮೆಂಟ್ ಆಗಿ ಉಳಿಯುತ್ತದೆ. ನಿಮ್ಮಲ್ಲೊಬ್ಬ ಒಳ್ಳೆಯ ಆಟಗಾರ ಹುಟ್ಟಿದರೆ ಅವನು ನಿಮ್ಮನ್ನು ಬಿಟ್ಟೇ ಮೇಲೆ ಹೋಗಬೇಕು. ಡಿವಿಷನ್‌ನಲ್ಲೇ ಇದ್ದರೆ ನಿಮ್ಮ ಜೊತೆಗೇ ಬಿಗೆ, ಎಗೆ, ಸೂಪರ್‌ಗೆ ಹೋಗುವ ದಾರಿಯಾದರೂ ಇರುತ್ತದೆ. ಹಾಸಿಗೆಯ ಗಾದೆ ಮಲಗುವವರಿಗೆ. ಫುಟ್‌ಬಾಲ್‌ನಲ್ಲಿ ಕಾಲು ಚಾಚದಿದ್ದರೆ ಚೆಂಡು ಸಿಗುತ್ತಾ?

ಒಂದು ಸಲ ಬೆಳಗಿನ ಹೊತ್ತು ಸಿ ಡಿವಿಷನ್ ಪಂದ್ಯ ನೋಡಲು ಹೋಗಿದ್ದೆ. ನೋಡುವವರು ಹನ್ನೊಂದು ಜನ, ನಾನೂ ಸೇರಿ. ಗೋಲ್‌ಕೀಪರ್ ಪದೇ ಪದೇ ರೆಫ್ರಿಯನ್ನು "ಇನ್ನೆಷ್ಟು ಸಾರ್?" ಅಂತ ಕೇಳುತ್ತಿದ್ದ. ಸೋಲುವ ಭಯ ಇರಬೇಕು ಅಂದುಕೊಂಡೆ. ಅಲ್ಲ, ಅವನಿಗೆ ಹತ್ತು ಗಂಟೆಗೆ ಡ್ಯೂಟಿ ಇತ್ತು. ಕೊನೆಯ ನಿಮಿಷ ಒಂದು ಪೆನಾಲ್ಟಿ ಹಿಡಿದು, ಗ್ಲೌಸ್ ಹಾಕಿಕೊಂಡೇ ಸ್ಕೂಟರ್ ಹತ್ತಿ ಹೋದ.

ನಿಮ್ಮ ಮುಂದಿನ ಪಂದ್ಯಗಳ ಪಟ್ಟಿ ಕಳಿಸಿಕೊಡಿ. ಫಲಿತಾಂಶಕ್ಕೆ ನಾಲ್ಕು ಸಾಲು ಜಾಗ ನಾನು ಇಡುತ್ತೇನೆ. ಈಗ ಹಿರಿಯನೂ ನಾನೇ, ಕೇಳುವವರು ಯಾರೂ ಇಲ್ಲ.